ಅಜ್ಜನ ಮಳೆ ಪುಸ್ತಕ ಕೊನೆಗೂ ಹೊನ್ನಾವರದ ದಾಖಲೆಗೆ ತಾಳೆಯಾಯಿತು

ಮೊದಲೇ ಹೇಳಿಬಿಡುತ್ತೇನೆ, ಅಜ್ಜ ಬರೆದಿಟ್ಟ ಮಳೆ ಲೆಕ್ಕ ಹವಾಮಾನ ಇಲಾಖೆಯ ಲೆಕ್ಕಕ್ಕೆ ತಾಳೆ ಆಯಿತು. ಮೂರು ವರ್ಷ ಹಿಡಿಯಿತು, ಆದರೆ ಆಯಿತು. "ಅದು ಅಡಿಕೆ ಲೆಕ್ಕದ ಪುಸ್ತಕ ಮಾರಾಯ, ಮಳೆ ಲೆಕ್ಕ ಅಲ್ಲ" ಎಂದು ನಕ್ಕಿದ್ದ ಚಿಕ್ಕಪ್ಪ ಈಗ ನಗುವುದಿಲ್ಲ.

ನಮ್ಮ ಊರು ಹೊನ್ನಾವರದ ಹತ್ತಿರ. ಅಲ್ಲಿನ ಹವಾಮಾನ ಇಲಾಖೆಯ ಕೇಂದ್ರಕ್ಕೂ ನಮ್ಮ ಮನೆಗೂ ಆರೇಳು ಕಿಲೋಮೀಟರ್. ಅಜ್ಜ 1971ರಿಂದ ಹೆಚ್ಚುಕಮ್ಮಿ 1995ರವರೆಗೆ ಅಂಗಳದ ಮಳೆಮಾಪಕ ನೋಡಿ ಬರೆದಿಟ್ಟಿದ್ದರು. ನಾನು ಹಿಡಿದದ್ದು ಬೇಸಿಗೆಯ ಪುಟಗಳನ್ನು ಮಾತ್ರ, ಮಾರ್ಚ್‌ನಿಂದ ಮೇವರೆಗೆ. ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ದಿನಾ ಮಳೆ. ಯಾವ ತಾರೀಖಿಗೆ ಯಾವುದನ್ನು ಇಟ್ಟರೂ ಹೊಂದಿದ ಹಾಗೇ ಕಾಣುತ್ತದೆ. ಏಪ್ರಿಲ್‌ನಲ್ಲಿ ಬೀಳುವುದೇ ಎರಡು ಮೂರು ಮಳೆ. ಅಲ್ಲಿ ತಪ್ಪಿದರೆ ತಪ್ಪಿತು ಅಂತಲೇ.

ಮೊದಲ ದುಡ್ಡು ಹೋಗಿದ್ದು ಟೈಪಿಂಗ್‌ಗೆ. ಪುಟಗಳ ಫೋಟೋ ತೆಗೆದು ಮಲ್ಲೇಶ್ವರದ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ. ಆರು ಸಾವಿರ ಚಿಲ್ಲರೆ. ಅಜ್ಜ ಬರೆದದ್ದು ಕನ್ನಡ ಅಂಕಿಯಲ್ಲಿ. ಅಂಗಡಿಯ ಹುಡುಗ ೬ ಇದ್ದಲ್ಲಿ 9 ಮಾಡಿದ್ದ, ೯ ಇದ್ದಲ್ಲಿ 6 ಮಾಡಿದ್ದ. ಅದೂ ಎಲ್ಲ ಕಡೆ ಅಲ್ಲ, ಅವನಿಗೆ ತೋಚಿದ ಕಡೆ. ಅಷ್ಟನ್ನೂ ಮತ್ತೆ ನಾನೇ ರಾತ್ರಿ ಕೂತು ಟೈಪ್ ಮಾಡಿದೆ. ಎರಡು ತಿಂಗಳು.

ಆಮೇಲೆ ಜಿಪುಣತನ ಮಾಡಿದೆ. ಇಲಾಖೆ ಪುಣೆಯಿಂದ ಬಿಟ್ಟಿಯಾಗಿ ಕೊಡುವ ಚೌಕುಳಿ ದತ್ತಾಂಶ ಇದೆ, ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ಹಂಚಿ ಒಂದೊಂದು ಚೌಕಕ್ಕೂ ದಿನಕ್ಕೆ ಒಂದೇ ಮಳೆ ಅಂಕಿ ಕೊಡುವುದು, ಅದನ್ನೇ ಇಳಿಸಿಕೊಂಡು ಹೋಲಿಸಿದೆ. ಏನೂ ಹೊಂದಲಿಲ್ಲ. ಹೊಂದುವುದಾದರೂ ಹೇಗೆ? ಒಂದು ಚೌಕ ಅಂದರೆ ಸುಮಾರು 27 ಕಿಲೋಮೀಟರ್. ಅಷ್ಟರಲ್ಲಿ ಸಮುದ್ರದ ದಂಡೆಯೂ ಬಂತು, ಘಟ್ಟದ ಬುಡವೂ ಬಂತು. ಕೊನೆಗೆ ಕೇಂದ್ರದ ದಿನವಹಿ ಅಂಕಿಗಳನ್ನೇ ದುಡ್ಡು ಕೊಟ್ಟು ತರಿಸಿದೆ. ಎಷ್ಟು ಕೊಟ್ಟೆ ಎಂದು ಬರೆಯುವುದಿಲ್ಲ, ಮನೆಯವಳು ಇದನ್ನು ಓದುತ್ತಾಳೆ.

ಆಗಲೂ ಹೊಂದಲಿಲ್ಲ. ಆಫೀಸಿನ ಗೆಳೆಯ "ಬಿಡು ಗುರು, ಸುಮ್ನೆ ಯಾಕೆ" ಎಂದ.

ಇಲಾಖೆಗೆ ಮಳೆಯ ಒಂದು ದಿನ ಎಂದರೆ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಬೆಳಿಗ್ಗೆ ಎಂಟೂವರೆವರೆಗೆ. ಅದು ನನಗೆ ಗೊತ್ತಿತ್ತು, ಆದರೂ ಎಡವಿದೆ. ಬೇಸಿಗೆಯ ಗುಡುಗು ಮಳೆ ಬರುವುದು ಸಂಜೆ. ಹತ್ತನೇ ತಾರೀಖಿನ ಸಂಜೆ ಸುರಿದದ್ದನ್ನು ಕೇಂದ್ರದವರು ಮರುದಿನ ಎಂಟೂವರೆಗೆ ಅಳೆದು ಹನ್ನೊಂದಕ್ಕೆ ಬರೆಯುತ್ತಾರೆ. ಹಾಗಾಗಿ ಅಜ್ಜನ ತಾರೀಖುಗಳನ್ನೆಲ್ಲ ಒಂದು ದಿನ ಮುಂದೆ ತಳ್ಳಿದೆ. ಅರ್ಧ ಸರಿಹೋಯಿತು. ಮೊದಲು ಹೊಂದಿದ್ದ ಒಂದಷ್ಟು ಕೆಟ್ಟೇ ಹೋಯಿತು! ಅಜ್ಜ ಕೆಲವು ದಿನ ಮಳೆ ನಿಂತ ಕೂಡಲೇ ಬರೆದಿದ್ದರು, ಕೆಲವು ದಿನ ಮರುದಿನ ಬೆಳಿಗ್ಗೆ. ಯಾವುದು ಯಾವಾಗ ಬರೆದದ್ದು ಎಂದು ಬೇರ್ಪಡಿಸುವ ಉಪಾಯ ಆ ಪುಸ್ತಕದಲ್ಲೇ ಸಿಕ್ಕಿತು. ಅದನ್ನು ಪೂರ್ತಿ ಬಿಚ್ಚಿಡುವುದಿಲ್ಲ. ಸುಳಿವು ಇದ್ದದ್ದು ಹಾಲಿನ ಲೆಕ್ಕದ ಸಾಲಿನಲ್ಲಿ, ಅಷ್ಟು ಸಾಕು.

ಇಷ್ಟಾದ ಮೇಲೂ 1983ರ ಸುಮಾರಿನಿಂದ ಮುಂದೆ ಅಜ್ಜನ ಅಂಕಿ ಒಂದೇ ಸಮ ಕಡಿಮೆ. ಅಲ್ಲಿಯವರೆಗೆ ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಪಾಲು). ಅಲ್ಲಿಂದ ಮುಂದೆ ಮಿಲಿಮೀಟರ್. 25.4ರ ಗುಣಾಕಾರ ಹತ್ತು ಸಲ ನೋಡಿದೆ, ಸರಿಯಾಗಿಯೇ ಇತ್ತು. ಯುಗಾದಿಗೆ ಊರಿಗೆ ಹೋದಾಗ ಅಟ್ಟ ಹತ್ತಿ ಹಳೇ ಮಾಪಕ ಇಳಿಸಿದೆ. ಬಾಯಿ ಅಡ್ಡಕ್ಕೆ ಐದಿಂಚು. ಅಂದರೆ ಸುಮಾರು 127 ಚದರ ಸೆಂಟಿಮೀಟರ್. ಅಳತೆ ಗ್ಲಾಸಿನ ಗೆರೆಗಳು ಮಾಪಕದ ಬಾಯಿಗೆ ತಕ್ಕ ಹಾಗೆ ಇರಬೇಕು, ಆದರೆ ಪಕ್ಕದಲ್ಲಿದ್ದ ಗ್ಲಾಸು 200 ಚದರ ಸೆಂಟಿಮೀಟರ್ ಬಾಯಿಯ ಮಾಪಕದ್ದು! ಹಳೇ ಗ್ಲಾಸು ಒಡೆದಾಗ ಯಾರೋ ತಂದುಕೊಟ್ಟದ್ದಂತೆ, ಚಿಕ್ಕಪ್ಪನಿಗೆ ಅಷ್ಟೇ ನೆನಪು. ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಆ ಗ್ಲಾಸು ತೋರಿಸುವುದು ಆರು ಚಿಲ್ಲರೆ. ಅಲ್ಲಿಂದ ಮುಂದಿನದನ್ನೆಲ್ಲ 1.58ರಿಂದ ಗುಣಿಸಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ಈಗ 2.5 ಮಿಲಿಮೀಟರ್ ದಾಟಿದ ದಿನಗಳು ನೂರಕ್ಕೆ ಎಪ್ಪತ್ತೈದರ ಹತ್ತಿರ ಹೊಂದುತ್ತವೆ. ಉಳಿದದ್ದು ಹೊಂದಬೇಕಾಗಿಯೂ ಇಲ್ಲ. ರಾಜಾಜಿನಗರದಲ್ಲಿ ಧೋ ಅಂತ ಸುರಿಯುವಾಗ ಜಯನಗರದಲ್ಲಿ ಬಿಸಿಲು ಇರುವುದಿಲ್ವಾ?

ನಡುವೆ ಒಂದು ತರಲೆಯನ್ನೂ ಮಾಡಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರಲ್ಲ, ಏಪ್ರಿಲ್ ಕೊನೆಯಿಂದ ಮೇ ಹತ್ತರ ಆಸುಪಾಸಿನವರೆಗಿನ ಮಳೆಯನ್ನು ಅದೇ ಪುಸ್ತಕದ ಅಡಿಕೆ ಲೆಕ್ಕಕ್ಕೆ ಹೋಲಿಸಿದೆ. ಯಾವ ಸಂಬಂಧವೂ ಕಾಣಲಿಲ್ಲ. ಗಾದೆ ಮಾಡಿದವರು ಅಡಿಕೆ ನೋಡಿ ಮಾಡಿರಲಿಕ್ಕಿಲ್ಲ.

ಉಷ್ಣಾಂಶದ್ದು ಬೇರೆ ಕಥೆ. ಅಜ್ಜ ಮಧ್ಯಾಹ್ನ ಮೂರಕ್ಕೆ ಜಗಲಿಯ ಥರ್ಮಾಮೀಟರ್ ನೋಡಿ ಬರೆಯುತ್ತಿದ್ದರು. ಕೇಂದ್ರದ ಗರಿಷ್ಠಕ್ಕಿಂತ ಯಾವಾಗಲೂ ಎರಡು ಮೂರು ಡಿಗ್ರಿ ಕಡಿಮೆ. ಜಗಲಿಯ ನೆರಳಿನ ತಪ್ಪು ಎಂದುಕೊಂಡೆ. ಬೆಂಗಳೂರಲ್ಲಿ ಕೂತವನಿಗೆ ಮೂರು ಗಂಟೆ ಎಂದರೆ ದಿನದ ಉರಿ ಹೊತ್ತೇ ಅಲ್ವಾ? ಎಸ್.ಪಿ. ರೋಡಿನಿಂದ ಒಂದು ಸೆನ್ಸರ್ ಒಯ್ದು ಅಂಗಳದಲ್ಲಿ, ನಾಲ್ಕಡಿ ಎತ್ತರಕ್ಕೆ, ಬಿಸಿಲು ತಾಗದ ಹಾಗೆ ಬಿಳಿ ತಟ್ಟೆಗಳ ನಡುವೆ ಕಟ್ಟಿದೆ. ಏಪ್ರಿಲ್‌ನಲ್ಲಿ ಎಷ್ಟೋ ದಿನ ಹನ್ನೆರಡು, ಹನ್ನೆರಡೂವರೆಗೇ ತುತ್ತತುದಿ. ಅಷ್ಟರಲ್ಲಿ ಸಮುದ್ರದ ಗಾಳಿ ಬಂದು ಇಳಿಸಿಬಿಡುತ್ತದೆ. ಮೂಡುಗಾಳಿ ಜೋರಾಗಿ ಅದನ್ನು ತಡೆದ ದಿನ ಮಾತ್ರ ಎರಡು, ಮೂರು ಗಂಟೆವರೆಗೂ ಏರುತ್ತಲೇ ಇರುತ್ತದೆ. ಅಜ್ಜನ ಅಂಕಿ ಸರಿ, ಹೊತ್ತು ಬೇರೆ.

ಹಾಗಾಗಿ ಉಷ್ಣಾಂಶವನ್ನು ಇನ್ನೂ ತಾಳೆ ಮಾಡಿಲ್ಲ. ಅಜ್ಜನ ಮೂರು ಗಂಟೆಯನ್ನು ಗರಿಷ್ಠಕ್ಕೆ ತಿರುಗಿಸಲು ಕನಿಷ್ಠ ಎರಡು ಬೇಸಿಗೆಯ ಗಂಟೆಗಂಟೆಯ ಅಂಕಿ ಬೇಕು. ಮೊದಲ ಸೆನ್ಸರ್ ಉಪ್ಪುಗಾಳಿಗೆ ಕಿಲುಬು ಹಿಡಿಯಿತು. ಎರಡನೆಯದು ಮೇ ತಿಂಗಳ ಸಿಡಿಲಿಗೆ ಬೋರ್ಡ್ ಸಮೇತ ಹೋಯಿತು. ಎರಡಕ್ಕೂ ಸೇರಿ ನಾಲ್ಕು ಸಾವಿರ ಆಗಿರಬಹುದು. ಮೂರನೆಯದಕ್ಕೆ ಬರುವ ಶನಿವಾರ ಎಸ್.ಪಿ. ರೋಡಿಗೆ ಹೋಗುತ್ತಿದ್ದೇನೆ.