ಸಂಸ್ಮರಣ ಗ್ರಂಥ ಆಮೇಲೆ, ಮೊದಲು ಅಮ್ಮನ ಕಪಾಟು

ಬರಹಗಾರರು ತೀರಿಕೊಂಡರೆ ಮನೆಯವರಿಗೆ ಸಿಗುವ ಮೊದಲ ಸಲಹೆ, ಒಂದು ಸಂಸ್ಮರಣ ಗ್ರಂಥ ತನ್ನಿ ಅಂತ. ನಾನು ತರಲಿಲ್ಲ. ಅಮ್ಮನ ಬಗ್ಗೆ ಬೇರೆಯವರು ಬರೆದದ್ದಕ್ಕಿಂತ ಅಮ್ಮ ಬರೆದದ್ದು ಓದಲು ಸಿಗಬೇಕು, ಅಲ್ವಾ? ಅವಳ ಒಂದು ಕಥಾಸಂಕಲನವೂ ಆಗ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ.

ಕಪಾಟಿನಲ್ಲಿ ಇದ್ದದ್ದನ್ನು ಇದ್ದ ಕ್ರಮದಲ್ಲೇ ಮೊದಲು ಫೋಟೋ ತೆಗೆದುಕೊಂಡೆ. ಯಾವ ಕಾಗದ ಯಾವುದರ ಪಕ್ಕದಲ್ಲಿತ್ತು ಅನ್ನುವುದೂ ಒಂದು ಮಾಹಿತಿ, ಒಮ್ಮೆ ಕಲಸಿಹೋದರೆ ಮುಗಿಯಿತು. ಆಮೇಲೆ ಒಂದು ಎಕ್ಸೆಲ್ ಶೀಟು: ಶೀರ್ಷಿಕೆ, ಮೊದಲ ಸಾಲು, ಎಲ್ಲಿ ಯಾವಾಗ ಅಚ್ಚಾಯಿತು, ಯಾವ ಕಾವ್ಯನಾಮದಲ್ಲಿ. ಮೊದಲ ಸಾಲು ಯಾಕೆ ಅಂದರೆ, ಅಮ್ಮ ಒಂದೇ ಕಥೆಗೆ ಪತ್ರಿಕೆಯಲ್ಲಿ ಒಂದು ಹೆಸರು, ಪುಸ್ತಕದಲ್ಲಿ ಇನ್ನೊಂದು ಹೆಸರು ಇಡುತ್ತಿದ್ದಳು. ಪೇಪರ್ ಕಟಿಂಗುಗಳಲ್ಲಿ ತಾರೀಖೇ ಇರಲಿಲ್ಲ. ಆಗ ನೆರವಿಗೆ ಬಂದದ್ದು ಅವುಗಳ ಹಿಂಬದಿ. ಅರ್ಧ ಕತ್ತರಿಸಿದ ಸಿನಿಮಾ ಜಾಹೀರಾತು, ಕ್ರಿಕೆಟ್ ಸ್ಕೋರು, ಚುನಾವಣೆ ಸುದ್ದಿ ಏನಾದರೂ ಇದ್ದರೆ ವರ್ಷ ಹಿಡಿಯಬಹುದು, ಗ್ರಂಥಾಲಯದಲ್ಲಿ ಹಳೆಯ ಸಂಪುಟ ತೆಗೆಸಿ ನೋಡಲು ಅಷ್ಟು ಸಾಕು.

ಕಾಗದದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ತುಕ್ಕು ಹಿಡಿದ ಪಿನ್ನು ತೆಗೆಯಿರಿ, ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಹಸ್ತಪ್ರತಿಯನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿ, ಚಿತ್ರದ ವಿವರ ಕಳೆಯದ ಟಿಫ್ ಫೈಲಾಗಿ ಎರಡು ಬೇರೆ ಬೇರೆ ಕಡೆ ಇಟ್ಟೆ.

ತಲೆನೋವಾದದ್ದು ಡಿಟಿಪಿ ಫೈಲುಗಳು, ಅಂದರೆ ಅಚ್ಚಿಗೆಂದು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದ್ದವು. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿದ್ದದ್ದನ್ನು ಈಗ ಎಲ್ಲ ಕಂಪ್ಯೂಟರು, ಫೋನುಗಳಲ್ಲೂ ಓದಲು ಬರುವ ಯೂನಿಕೋಡಿಗೆ ತಂದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತಿತ್ತು. ಕೊನೆಗೆ ಅಪ್ಪ ಗಟ್ಟಿಯಾಗಿ ಓದುವುದು, ನಾನು ಪರದೆ ಮೇಲೆ ತಿದ್ದುವುದು. ಕರಡು ತಿದ್ದಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಹಕ್ಕಿನ ವಿಷಯ ಮಾತ್ರ ಬೇಗ ಇತ್ಯರ್ಥ ಮಾಡಿಕೊಳ್ಳಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಅಮ್ಮ ವಿಲ್ ಬರೆದಿರಲಿಲ್ಲ, ಹಾಗಾಗಿ ಅದು ವಾರಸುದಾರರೆಲ್ಲರದ್ದೂ ಆಯಿತು. ಅಪ್ಪ, ತಮ್ಮ ಇಬ್ಬರ ಸಹಿ ಹಾಕಿಸಿ, ಪ್ರಕಾಶಕರ ಜತೆ ಮಾತಾಡಲು ನನ್ನೊಬ್ಬಳನ್ನೇ ಗೊತ್ತು ಮಾಡಿದೆವು. ಹಳೆಯ ಪ್ರಕಾಶಕರೊಬ್ಬರು ಹಕ್ಕೆಲ್ಲ ನಮ್ಮದೇ ಅಂದರು. ಎಲ್ಲಿ ಬರೆದುಕೊಟ್ಟಿದ್ದಾಳೆ ತೋರಿಸಿ ಅಂದೆ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು, ಅವಧಿ ನಮೂದಿಸದಿದ್ದರೆ ಐದೇ ವರ್ಷ. ಅವರ ಹತ್ತಿರ ಇದ್ದದ್ದು ಒಂದು ಪೋಸ್ಟ್ ಕಾರ್ಡು, ಸಾವಿರ ಪ್ರತಿ ಅಚ್ಚು ಮಾಡಲು ಅಡ್ಡಿಯಿಲ್ಲ ಅಂತ ಅಮ್ಮ ಬರೆದದ್ದು.

ಕಾದಂಬರಿಕಾರ ನಿರಂಜನರ ಕುಟುಂಬದವರು ಅವರ ಪುಸ್ತಕಗಳನ್ನು, ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಹಂಚಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟು, ವಿಕಿಸೋರ್ಸ್ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯಕ್ಕೆ ದಾರಿ ಮಾಡಿದರು. ನಮಗೂ ಅದೇ ಆಸೆ. ಆದರೆ ಒಮ್ಮೆ ಕೊಟ್ಟ ಪರವಾನಗಿ ಹಿಂದಕ್ಕೆ ಪಡೆಯಲು ಆಗುವುದಿಲ್ಲ, ಆದ್ದರಿಂದ ಸದ್ಯ ಅಂಕಣ ಬರಹಗಳನ್ನು ಮಾತ್ರ ಕೊಡುವುದೆಂದು ಮೂವರೂ ಒಪ್ಪಿದ್ದೇವೆ.

ಮರುಮುದ್ರಣಕ್ಕೆ ಕೂತಾಗ ಒಂದು ಸಂಕಟ ಎದುರಾಯಿತು. ಅಮ್ಮನ ಸ್ವಂತ ಪ್ರತಿಯಲ್ಲಿ ಒಂದು ಕಥೆಯ ಕೊನೆಯ ಪ್ಯಾರಾ ಪೂರ್ತಿ ಹೊಡೆದುಹಾಕಿತ್ತು, ಪಕ್ಕದಲ್ಲಿ ಹಸಿರು ಶಾಯಿಯಲ್ಲಿ 'ಬೇಡ' ಅಂತ ಇತ್ತು. ಓದುಗರು ನೆನಪಿಟ್ಟುಕೊಂಡಿರುವುದು ಅದೇ ಪ್ಯಾರಾ! ನಾನು ಅಮ್ಮನ ಪೆನ್ನಿನ ಮಾತು ಕೇಳಿದೆ, ಮೊದಲು ಅಚ್ಚಾಗಿದ್ದ ಆ ಪ್ಯಾರಾವನ್ನು ಪುಸ್ತಕದ ಹಿಂದೆ ಅನುಬಂಧದಲ್ಲಿ ಕೊಟ್ಟೆ. ಅಲ್ಲಲ್ಲಿ ಭಾಷೆ ಸರಿಮಾಡೋಣ ಅಂದವರಿಗೆ ಸುಮ್ನೆ ಇಲ್ಲ ಅಂದೆ.

ಪತ್ರಗಳ ಲೆಕ್ಕ ಬೇರೆ. ಅಮ್ಮನಿಗೆ ಬಂದ ಪತ್ರದ ಕಾಗದ ನಮ್ಮದು, ಅದರೊಳಗಿನ ಬರಹದ ಹಕ್ಕು ಬರೆದವರದ್ದು. ಅಚ್ಚು ಹಾಕಬೇಕಾದರೆ ಅವರನ್ನೋ ಅವರ ಮಕ್ಕಳನ್ನೋ ಕೇಳಬೇಕು. ಅಮ್ಮ ಬರೆದ ಪತ್ರಗಳು ಬೇರೆಯವರ ಮನೆಗಳಲ್ಲಿವೆ. ಮೂಲ ನಿಮ್ಮಲ್ಲೇ ಇರಲಿ, ಸ್ಕ್ಯಾನ್ ಕೊಟ್ಟರೆ ಸಾಕು ಅಂದ ಮೇಲೆ ಜನ ಕೊಡತೊಡಗಿದರು.

ಡೈರಿಗಳನ್ನು ಪಟ್ಟಿಗೆ ಸೇರಿಸಿದ್ದೇನೆ, ಸ್ಕ್ಯಾನ್ ಮಾಡಿಲ್ಲ. ಬದುಕಿರುವವರ ಮನೆ ವಿಷಯ ಅದರಲ್ಲಿ ಜಾಸ್ತಿ. ತಮ್ಮ ಸುಟ್ಟುಬಿಡೋಣ ಅನ್ನುತ್ತಾನೆ. ನಾನು ಒಪ್ಪಿಲ್ಲ, ಪೆಟ್ಟಿಗೆಯ ಬೀಗದ ಕೈ ಸದ್ಯ ಅಪ್ಪನ ಹತ್ತಿರ ಇದೆ.