ಬೇರೆ ಕಪಾಟು ಬೇಡ: ಶಾಲಾ ಗ್ರಂಥಾಲಯದಲ್ಲಿ ಅಸೆಕ್ಷುಯಲ್, ಅರೊಮ್ಯಾಂಟಿಕ್ ಪುಸ್ತಕಗಳು – ನನ್ನ ಅನುಭವ

ಬೆಂಗಳೂರಿನ ನಮ್ಮ ಶಾಲೆಯ ಗ್ರಂಥಾಲಯಕ್ಕೆ ಅಸೆಕ್ಷುಯಲ್ (ಯಾರ ಮೇಲೂ ಲೈಂಗಿಕ ಆಕರ್ಷಣೆ ಆಗದ ಅಥವಾ ತೀರ ವಿರಳವಾಗಿ ಆಗುವ) ಮತ್ತು ಅರೊಮ್ಯಾಂಟಿಕ್ (ಪ್ರೇಮದ ಆಕರ್ಷಣೆ ಆಗದ ಅಥವಾ ವಿರಳವಾಗಿ ಆಗುವ) ಪಾತ್ರಗಳಿರುವ ಪುಸ್ತಕಗಳನ್ನು ತರಿಸುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ಎರಡು ಬಗೆಯ ಮಾತು ಕೇಳಿಬಂತು. ಮಕ್ಕಳ ತಲೆಗೆ ಇಲ್ಲದ್ದನ್ನು ತುಂಬುತ್ತೀರಿ ಎಂಬುದು ಒಂದು; ಇದನ್ನೆಲ್ಲ ಯಾರೂ ಮುಟ್ಟುವುದಿಲ್ಲ, ದುಡ್ಡು ದಂಡ ಎಂಬುದು ಇನ್ನೊಂದು. ನನ್ನನ್ನು ಕೆಣಕಿದ್ದು ಎರಡನೆಯದು. ಈಗ ಆ ಪುಸ್ತಕಗಳಲ್ಲಿ ಎರಡರ ಬೆನ್ನು ಕಿತ್ತುಬಂದು, ನಾನೇ ಗೋಂದು ಹಾಕಿ ಬಟ್ಟೆಯ ಟೇಪು ಹಚ್ಚಿದ್ದೇನೆ. ಮುಟ್ಟದ ಪುಸ್ತಕದ ಬೆನ್ನು ಕೀಳುವುದಿಲ್ಲ.

ಮೊದಲ ವರ್ಷ ಈ ಪುಸ್ತಕಗಳ ಪ್ರದರ್ಶನಕ್ಕೆ ಅಂತಾರಾಷ್ಟ್ರೀಯ ದಿನಗಳನ್ನು ನಂಬಿದೆವು. ಅವು ನಮ್ಮ ಶಾಲಾ ಕ್ಯಾಲೆಂಡರಿಗೆ ಹೊಂದಲೇ ಇಲ್ಲ. ಏಸ್ (ಅಸೆಕ್ಷುಯಲ್ ಎಂಬುದರ ಚಿಕ್ಕ ರೂಪ) ಸಪ್ತಾಹ ಅಕ್ಟೋಬರ್ ಕೊನೆಯಲ್ಲಿ ಬರುತ್ತದೆ, ಆಗ ಮಕ್ಕಳೆಲ್ಲ ರಾಜ್ಯೋತ್ಸವದ ನೃತ್ಯದ ಅಭ್ಯಾಸದಲ್ಲಿರುತ್ತಾರೆ. ಅರೊಮ್ಯಾಂಟಿಕ್ ಸಪ್ತಾಹ ಫೆಬ್ರವರಿ 14ರ ನಂತರದ್ದು, ಅಷ್ಟರಲ್ಲಿ ಬೋರ್ಡ್ ಪರೀಕ್ಷೆ ತಲೆಯ ಮೇಲೆ ಕುಳಿತಿರುತ್ತದೆ. ಏಪ್ರಿಲ್ 6ರ ಅಸೆಕ್ಷುಯಾಲಿಟಿ ದಿನದಂದು ಗ್ರಂಥಾಲಯಕ್ಕೆ ಬರುವವರು ನೋ ಡ್ಯೂಸ್ ಸಹಿಗೆ ಬಂದವರು ಮಾತ್ರ. ಅಸೆಕ್ಷುಯಲ್ ಧ್ವಜದ ಕಪ್ಪು, ಬೂದು, ಬಿಳಿ, ನೇರಳೆ ಪಟ್ಟಿಗಳ ಭಿತ್ತಿಪತ್ರವನ್ನು ಸುಮಾರು ಆರುನೂರು ರೂಪಾಯಿ ಕೊಟ್ಟು ಮುದ್ರಿಸಿದ್ದೆ. ಅದು ಯಾವುದೋ ಕ್ರೀಡಾಕೂಟದ ಹೌಸ್ ಧ್ವಜವೆಂದು ತಿಳಿದವರೇ ಹೆಚ್ಚು.

ಅನಂತರ ಬಾಗಿಲ ಬಳಿ ಪ್ರತ್ಯೇಕ ರ‍್ಯಾಕ್ ಇಟ್ಟೆ. ಅದರ ಮುಂದೆ ನಿಂತವರನ್ನು ಇಡೀ ತರಗತಿ ನೋಡುತ್ತದೆ, ಹಾಗಾಗಿ ಯಾರೂ ನಿಲ್ಲಲಿಲ್ಲ. ಆರೇಳು ತಿಂಗಳಲ್ಲಿ ಇಶ್ಯೂ ಆದದ್ದು ಒಂದೋ ಎರಡೋ, ಅದೂ ಒಬ್ಬ ಶಿಕ್ಷಕಿಯ ಹೆಸರಿನಲ್ಲಿ. ಕಮಿಟಿ ಸಭೆಯಲ್ಲಿ ಆ ಅಂಕಿಯನ್ನು ನನ್ನ ಮುಂದೆಯೇ ಓದಿದರು.

ಆ ಸಭೆಯಲ್ಲಿ ನಾನು ಮುಂದಿಟ್ಟದ್ದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರನ್ನು. 'ಪ್ರತಿ ಓದುಗನಿಗೂ ಅವನ ಪುಸ್ತಕ' ಎಂಬ 1931ರ ಸೂತ್ರವನ್ನು ಗೋಡೆಗೆ ತೂಗುಹಾಕಿಕೊಂಡ ಸಂಸ್ಥೆಗೆ ಅದನ್ನು ಅಲ್ಲಗಳೆಯುವುದು ಕಷ್ಟ. ಜೊತೆಗೆ ಸಂಶೋಧಕ ಆಂಟನಿ ಬೋಗಾರ್ಟ್ 2004ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೇಳಿದೆ: ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯಲ್ಲಿ ಶೇ 1ರಷ್ಟು ಮಂದಿ ತಮಗೆ ಯಾರ ಮೇಲೂ ಲೈಂಗಿಕ ಆಕರ್ಷಣೆ ಆಗಿಲ್ಲ ಎಂದಿದ್ದರು. ಬ್ರಿಟನ್ನಿನ ವಯಸ್ಕರ ಲೆಕ್ಕವನ್ನು ನಮ್ಮ ಮಕ್ಕಳ ಮೇಲೆ ಹೇರುವುದು ಸರಿಯಲ್ಲ ಎಂದು ನಾನೇ ಸೇರಿಸಿದೆ. ಆದರೂ ಸಾವಿರದ ಚಿಲ್ಲರೆ ಮಕ್ಕಳಿರುವ ಶಾಲೆಯಲ್ಲಿ ಎಷ್ಟು ಜನರಿರಬಹುದು ಎಂದು ಎಲ್ಲರೂ ಮನಸ್ಸಿನಲ್ಲೇ ಗುಣಿಸಿದ್ದು ಮುಖದಲ್ಲಿ ಕಾಣುತ್ತಿತ್ತು. "ಬ್ರಹ್ಮಚರ್ಯ ಅನ್ನಿ ಮೇಡಂ, ಒಳ್ಳೆಯದೇ ಅಲ್ಲವೇ" ಎಂದು ಸಂಸ್ಕೃತದ ಮೇಷ್ಟ್ರು ನನಗೆ ಬೆಂಬಲ ಕೊಡಲು ಬಂದರು. ಬ್ರಹ್ಮಚರ್ಯದಲ್ಲಿ ಇರುವ ಬಯಕೆಯನ್ನು ಹಿಡಿದಿಡುವ ವ್ರತವಿದೆ, ಇಲ್ಲಿ ಹಿಡಿದಿಡಬೇಕಾದ ಆಕರ್ಷಣೆಯೇ ಇಲ್ಲ ಅಥವಾ ತೀರ ವಿರಳ ಎಂದು ವಿವರಿಸಿದೆ. ಬೆಂಬಲ ಮಾತ್ರ ಹಾಗೆಯೇ ಉಳಿಯಿತು.

ಕೆಲಸ ಮಾಡಿದ ಕ್ರಮ ಬಹಳ ಸರಳವಾದದ್ದು. ರ‍್ಯಾಕ್ ತೆಗೆದು ಪುಸ್ತಕಗಳನ್ನು ಅವುಗಳ ಜಾಗಕ್ಕೇ ಸೇರಿಸಿದೆ. ಡಾರ್ಸಿ ಲಿಟಲ್ ಬ್ಯಾಜರ್ ಅವರ 2020ರ 'ಎಲಾಟ್ಸೋಯೆ'ಯಲ್ಲಿ ಲಿಪಾನ್ ಅಪಾಚೆ ಸಮುದಾಯದ ಹದಿಹರೆಯದ ಹುಡುಗಿಯೊಬ್ಬಳು ತನ್ನ ದೆವ್ವನಾಯಿಯೊಂದಿಗೆ ಬಂಧುವಿನ ಕೊಲೆಯನ್ನು ಪತ್ತೆ ಮಾಡುತ್ತಾಳೆ. ಆಕೆ ಅಸೆಕ್ಷುಯಲ್ ಎಂಬುದು ಕಥೆಯ ನಡುವೆ ಸಹಜವಾಗಿ ಬಂದುಹೋಗುತ್ತದೆ. ಅದನ್ನು ದೆವ್ವದ ಕಥೆಗಳ ಸಾಲಿಗೆ ಹಾಕಿದೆ, ಎಂಟನೆಯ ತರಗತಿಯವರು ನಾಯಿಗಾಗಿಯೇ ಒಯ್ದರು. ಅಲೆಕ್ಸ್ ಜಿನೋ ಅವರ 'ರಿಕ್' ಇನ್ನೂ ಚಿಕ್ಕವರಿಗೆ. ಆಲಿಸ್ ಓಸ್ಮನ್ ಅವರ 'ಲವ್‌ಲೆಸ್' 2021ರಲ್ಲಿ ಬ್ರಿಟನ್ನಿನ ವೈಎ (ಹದಿಹರೆಯದವರ) ಬುಕ್ ಪ್ರೈಜ್ ಪಡೆದದ್ದು, ಡರ್ಹ್ಯಾಮ್ ವಿಶ್ವವಿದ್ಯಾಲಯ ಸೇರಿದ ಹುಡುಗಿ ತನಗೇಕೆ ಯಾರ ಮೇಲೂ ಕ್ರಶ್ ಆಗಿಲ್ಲ ಎಂದು ತಡಕಾಡುವ ಕಥೆ. ಮಾತು ಬಿಚ್ಚುಮಾತಾದ್ದರಿಂದ ಹನ್ನೊಂದು, ಹನ್ನೆರಡರವರಿಗೆ ಮಾತ್ರ ಕೊಡುತ್ತೇನೆ. ಏಂಜೆಲಾ ಚೆನ್ ಅವರ 'ಏಸ್' ಶಿಕ್ಷಕರ ಕಪಾಟಿನಲ್ಲಿದೆ.

ಇಷ್ಟಾದರೂ ಇಶ್ಯೂ ಸಂಖ್ಯೆ ಹೆಚ್ಚೇನೂ ಏರಲಿಲ್ಲ. ಕಾರಣ ನಮ್ಮ ಸಾಫ್ಟ್‌ವೇರ್: ಪುಸ್ತಕ ಕೊಟ್ಟ ಕ್ಷಣವೇ ಶೀರ್ಷಿಕೆಯ ಸಮೇತ ಪೋಷಕರಿಗೆ ಎಸ್‌ಎಂಎಸ್ ಹೋಗುತ್ತಿತ್ತು. ಅದನ್ನು ಎಲ್ಲ ಪುಸ್ತಕಗಳಿಗೂ ನಿಲ್ಲಿಸಿ, ಗಡುವು ಮೀರಿದಾಗ ಮಾತ್ರ ಹೋಗುವಂತೆ ಮಾಡಿಸಿದೆ. ಬುಕ್ ಕಾರ್ಡಿನಲ್ಲಿ ಹೆಸರಿನ ಬದಲು ಅಡ್ಮಿಷನ್ ನಂಬರ್ ಬಂತು. ಒಳಗೇ ಕುಳಿತು ಓದುವವರಿಗೆ ನಮೂದೇ ಬೇಡ ಎಂದೆ. ಸಂಜೆ ಮೇಜಿನ ಮೇಲೆ ಉಳಿದ ಪುಸ್ತಕಗಳನ್ನು ಎಣಿಸುವ ಹಳೆಯ ಪದ್ಧತಿ ನಮ್ಮಂಥ ಗ್ರಂಥಪಾಲಕರಿಗೆಲ್ಲ ಗೊತ್ತಿರುವುದೇ. ಹಾಗೆ ಎಣಿಸಿದಾಗ, ಇಶ್ಯೂ ಆಗುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಓದು ಕಿಟಕಿಯ ಬದಿಯ ಮೇಜಿನಲ್ಲೇ ನಡೆಯುತ್ತಿದೆ ಎಂದು ತಿಳಿಯಿತು.

ಇನ್ನೊಂದು, ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರಿನ ಕ್ಯಾಟಲಾಗಿನಲ್ಲಿ, ಪುಸ್ತಕದ ವಿಷಯ ನಮೂದಿಸುವ 650ರ ಫೀಲ್ಡಿಗೆ ಶಾಸ್ತ್ರೋಕ್ತ ವಿಷಯಪದ ಹಾಕಿದ ಮೇಲೆ, ಮಕ್ಕಳು ನಿಜವಾಗಿ ಟೈಪ್ ಮಾಡುವ ಕೆಲವು ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇರೆಡೆ ಸೇರಿಸಿದ್ದೇನೆ. ಯಾವ ಪದಗಳು, ಎಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಹಿರಂಗವಾದರೆ ಅವನ್ನು ಹುಡುಕಿದ ಮಗುವನ್ನು ಗೇಲಿ ಮಾಡಲು ಅದೇ ಸಾಕು.

ಖರ್ಚಿನ ಬಗ್ಗೆ ನೆನಪಿನಿಂದ ಹೇಳುವುದಾದರೆ, ಗೈಡುಗಳು ಮತ್ತು ಪತ್ರಿಕೆಗಳ ಬಿಲ್ ಕಳೆದು ನನ್ನ ಕೈಯಲ್ಲಿ ವರ್ಷಕ್ಕೆ ಹದಿನೈದು ಸಾವಿರದಷ್ಟು ಉಳಿಯುತ್ತದೆ. ಪೇಪರ್‌ಬ್ಯಾಕುಗಳು ನಾನೂರರ ಆಸುಪಾಸು, ಆಮದಾದದ್ದು ಸಾವಿರ ಮುಟ್ಟಿತು. 'ಲವ್‌ಲೆಸ್'ನ ಎರಡನೆಯ ಪ್ರತಿ ಚರ್ಚ್ ಸ್ಟ್ರೀಟಿನಲ್ಲಿ ಹಳೆಯದಾಗಿ ಇನ್ನೂರಕ್ಕೆ ಸಿಕ್ಕಿತು. ಎರಡು ವರ್ಷದಲ್ಲಿ ಒಟ್ಟು ಐದಾರು ಸಾವಿರ. ಒಂದೇ ಸಲ ಹತ್ತು ಶೀರ್ಷಿಕೆ ಬರೆದರೆ ಪಟ್ಟಿ ವಾಪಸು ಬರುತ್ತದೆ. ಮೂವತ್ತರ ಪಟ್ಟಿಯಲ್ಲಿ ಎರಡು ಬರೆದು ಪ್ರತಿಯೊಂದಕ್ಕೂ ಎರಡು ಸಾಲಿನ ಪರಿಚಯ ಕೊಟ್ಟರೆ ಸಹಿ ಬೀಳುತ್ತದೆ.

ನಡುವೆ 'ಮದುವೆಯಲ್ಲಿ ಮುಗಿಯದ ಕಥೆಗಳು' ಎಂಬ ಪಟ್ಟಿಯನ್ನೂ ಅಂಟಿಸಿ ನೋಡಿದೆ, ಷರ್ಲಾಕ್ ಹೋಮ್ಸ್‌ನಿಂದ ಆರಂಭಿಸಿ. ಅದು ಭರ್ಜರಿಯಾಗಿ ಓಡಿತು, ಆದರೆ ಪ್ರೇಮಕಥೆಗಳಿಂದ ಬೇಸತ್ತ ಹುಡುಗರ ನಡುವೆ. ಅರಿವಿನ ಲೆಕ್ಕದಲ್ಲಿ ಅದರಿಂದ ಹೆಚ್ಚೇನೂ ಆಗಲಿಲ್ಲ.

ಈಗ ಪ್ರದರ್ಶನವನ್ನು ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಬದಲಾಯಿಸಿದ್ದೇನೆ, ಆಗ ಪರೀಕ್ಷೆಯೂ ಇಲ್ಲ, ನೃತ್ಯವೂ ಇಲ್ಲ. ಈ ವಿಷಯದ ಬಗ್ಗೆ ಕನ್ನಡದಲ್ಲಿ ಮಕ್ಕಳಿಗೆ ಕೊಡುವಂಥದ್ದು ನನ್ನ ಕೈಗೆ ಸಿಗದ ಕಾರಣ ಹದಿನಾರು ಪುಟದ ಕಿರುಪುಸ್ತಿಕೆಯೊಂದನ್ನು ನಾನೇ ಬರೆದು, ಜೆರಾಕ್ಸ್ ಮಾಡಿ, ನಡುವೆ ಪಿನ್ ಹೊಡೆದು ಇಟ್ಟಿದ್ದೇನೆ. ಪ್ರತಿಗೆ ಹನ್ನೆರಡು ರೂಪಾಯಿ ಬಿದ್ದಿದೆ. ಮೊದಲ ಐವತ್ತು ಪ್ರತಿಗಳಲ್ಲಿ ಹೆಚ್ಚಿನವು ಎಂಟ್ರಿ ಇಲ್ಲದೆಯೇ ಮಾಯವಾದವು; ಈ ತಿಂಗಳು ಇನ್ನು ನೂರು ಮಾಡಿಸುತ್ತಿದ್ದೇನೆ.