ಹಳೆಯ ಗಂಡುಮಕ್ಕಳ ಹೈಸ್ಕೂಲಿನ ಚರಿತ್ರೆ ಬರೆಯುವ ಬಗೆ

ಮಂಗಳೂರು, ಉಡುಪಿಗಳಲ್ಲಿ ನೂರು ವರ್ಷ ದಾಟಿದ ಹೈಸ್ಕೂಲುಗಳು ಹಲವು ಇವೆ. ಉತ್ಸವದ ವರ್ಷ ಬಂದಾಗ ಹಳೆವಿದ್ಯಾರ್ಥಿಗಳಲ್ಲಿ ಒಬ್ಬರ ಮೇಲೆ ಶಾಲೆಯ ಚರಿತ್ರೆ ಬರೆಯುವ ಹೊಣೆ ಬೀಳುತ್ತದೆ. ಸ್ಥಾಪಕರ ಭಾವಚಿತ್ರ, ಮುಖ್ಯೋಪಾಧ್ಯಾಯರ ಪಟ್ಟಿ, ದಾನಿಗಳ ಹೆಸರು ಸೇರಿದರೆ ಸ್ಮರಣ ಸಂಚಿಕೆ ಸಿದ್ಧವಾಗುತ್ತದೆ. ಆದರೆ ಬೆಂಚಿನ ಮೇಲೆ ಕುಳಿತು ಓದಿದ ಹುಡುಗರು ಯಾರು, ಎಲ್ಲಿಂದ ಬಂದರು, ಎಷ್ಟು ಮಂದಿ ನಡುವೆಯೇ ಬಿಟ್ಟುಹೋದರು ಎಂಬುದು ಅದರಲ್ಲಿ ಇರುವುದಿಲ್ಲ. ಅದಕ್ಕಾಗಿ ಕೆಲಸವನ್ನು ಎಡ್ಮಿಶನ್ ರಿಜಿಸ್ಟರಿನಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ರಿಜಿಸ್ಟರನ್ನು ತೆರೆಯುವ ಮೊದಲು ಅದನ್ನು ಓದುವ ಕ್ರಮ ತಿಳಿದಿರಬೇಕು. ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಹಳೆಯ ಪುಟಗಳಲ್ಲಿ ತರಗತಿಗಳು ‘ಫಾರಂ’ಗಳ ಲೆಕ್ಕದಲ್ಲಿರುತ್ತವೆ, ಫಸ್ಟ್ ಫಾರಂ ಎಂದರೆ ಆರನೆಯ ತರಗತಿ, ಸಿಕ್ಸ್ತ್ ಫಾರಂ ಎಂದರೆ ಹನ್ನೊಂದನೆಯದು. ಫೀಸು ರೂಪಾಯಿ, ಆಣೆ, ಪೈಗಳಲ್ಲಿ ಇರುತ್ತದೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದ ಮೇಲೆ ಅಂಕಿಗಳ ರೂಪವೇ ಬದಲಾಗುವುದರಿಂದ ಎರಡು ಕಾಲದ ಫೀಸನ್ನು ಹೋಲಿಸುವಾಗ ಹದಿನಾರು ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕವನ್ನು ಮರೆಯಬಾರದು. ಹುಟ್ಟಿದ ದಿನಾಂಕವನ್ನು ಮಾತ್ರ ಪೂರ್ತಿ ನಂಬಬೇಡಿರಿ. ಶಾಲೆಗೆ ಸೇರಿಸುವ ದಿನ ಮಾಸ್ತರರೇ ಅಂದಾಜಿನಿಂದ ಬರೆದುಕೊಟ್ಟ ಜನ್ಮದಿನಗಳು ನಮ್ಮ ಕಡೆಯ ಹಿರಿಯರಲ್ಲಿ ಅನೇಕರಿಗಿವೆ.

ತಂದೆಯ ಉದ್ಯೋಗ, ಊರು, ಜಾತಿ, ಹಿಂದೆ ಓದಿದ ಶಾಲೆ, ಟಿ.ಸಿ. ಪಡೆದ ಕಾರಣ ಎಂಬ ಕಾಲಂಗಳಿಗೆ ಹೆಚ್ಚು ಸಮಯ ಕೊಡಿರಿ. ಹತ್ತು ವರ್ಷಕ್ಕೊಮ್ಮೆ ಒಂದೊಂದು ವರ್ಷದ ಪುಟಗಳನ್ನು ಪೂರ್ತಿ ನಕಲು ಮಾಡಿಕೊಂಡರೂ ಸಾಕು, ಶಾಲೆಯ ಬಾಗಿಲು ಯಾರಿಗೆ ಯಾವಾಗ ತೆರೆಯಿತು ಎಂಬುದು ಕಾಣತೊಡಗುತ್ತದೆ. ಈ ಪ್ರಶ್ನೆಯನ್ನು ಸಂಕೋಚದಿಂದ ಬಿಟ್ಟುಬಿಡುವುದು ತಪ್ಪು. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಮಂಗಳೂರಿನಲ್ಲಿ ಬೇರೆಯೇ ಶಾಲೆ ತೆರೆಯಬೇಕಾಗಿ ಬಂದುದಕ್ಕೆ ಕಾರಣ ಅಂದಿನ ಶಾಲೆಗಳಲ್ಲಿ ಆ ಮಕ್ಕಳಿಗೆ ಜಾಗವಿಲ್ಲದಿದ್ದುದೇ ಆಗಿತ್ತು. ನೀವು ಬರೆಯುತ್ತಿರುವ ಶಾಲೆಯ ಪುಟಗಳೂ ಆ ಕಾಲದವೇ. ಹುಡುಗಿಯರು ಮೊದಲು ಸೇರಿದ ವರ್ಷವನ್ನೂ, ಸೇರದೇ ಇದ್ದರೆ ಆ ಸಂಗತಿಯನ್ನೂ ಬರೆಯಲೇಬೇಕು.

ಸ್ಥಾಪನೆಯ ವರ್ಷ ಯಾವುದೆಂಬುದು ಕಾಣುವಷ್ಟು ಸುಲಭವಾದ ಪ್ರಶ್ನೆಯಲ್ಲ. ಮನೆಯ ಜಗಲಿಯಲ್ಲಿ ಪಾಠ ಆರಂಭವಾದ ವರ್ಷ, ಸರಕಾರದ ಗ್ರಾಂಟ್ ದೊರೆತ ವರ್ಷ, ಹೈಸ್ಕೂಲಾಗಿ ಮಾನ್ಯತೆ ಬಂದ ವರ್ಷ, ಮೊದಲ ತಂಡ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಕುಳಿತ ವರ್ಷ ಇವು ಬೇರೆ ಬೇರೆಯಾಗಿರಬಹುದು. ಫಲಕದ ಮೇಲೆ ಒಂದನ್ನೇ ಕೆತ್ತಿರುತ್ತಾರೆ. ನಾಲ್ಕನ್ನೂ ಬೇರೆಬೇರೆಯಾಗಿ ಗುರುತಿಸಿ, ಪ್ರತಿಯೊಂದಕ್ಕೂ ಯಾವ ಕಾಗದ ಆಧಾರವೆಂದು ಬರೆದಿಟ್ಟುಕೊಳ್ಳಿರಿ. ಇದರ ಹಿನ್ನೆಲೆಯೂ ಓದುಗರಿಗೆ ಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತ್ತು. 1854ರ ಶಿಕ್ಷಣ ನೀತಿ ಖಾಸಗಿ ಶಾಲೆಗಳಿಗೆ ಸಹಾಯಧನದ ದಾರಿ ತೆರೆಯಿತು. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹುಟ್ಟಿ ಅದರ ಪ್ರವೇಶ ಪರೀಕ್ಷೆಯಾದ ಮೆಟ್ರಿಕ್ಯುಲೇಶನ್ ಸರಕಾರಿ ಚಾಕರಿಗೂ ವಕೀಲಿಗೂ ಮೆಟ್ಟಿಲಾಯಿತು. 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದುದನ್ನೂ, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲನ್ನು ಕಟ್ಟಿದುದನ್ನೂ ಈ ಬೆಳವಣಿಗೆಯ ಜೊತೆಗಿಟ್ಟು ನೋಡಬೇಕು. ಬಾಸೆಲ್ ಮಿಶನ್ ಶಾಲೆಯಾದರೆ 1914ರ ನಂತರದ ಪುಟಗಳಲ್ಲಿ ಎಚ್ಚರ ಬೇಕು: ಯುದ್ಧದ ಕಾರಣ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ ಆಡಳಿತ ಬೇರೆಯವರ ಕೈಗೆ ಹೋದುದರಿಂದ, ಒಂದೇ ಶಾಲೆ ಎರಡು ಹೆಸರಿನಲ್ಲಿ ಕಾಣಿಸಿಕೊಳ್ಳಬಹುದು.

ಕಟ್ಟಡದ ಕಾಲ ನಿರ್ಣಯಿಸಲು ಹೆಂಚಿನ ಮುದ್ರೆಯನ್ನು ನೋಡುವ ರೂಢಿ ನಮ್ಮಲ್ಲಿದೆ. ಬಾಸೆಲ್ ಮಿಶನ್ ಹೆಂಚುಗಳ ಮೇಲೆ 1865 ಎಂದಿರುವುದು ಕಾರ್ಖಾನೆ ಆರಂಭವಾದ ವರ್ಷ, ಆ ಹೆಂಚು ತಯಾರಾದ ವರ್ಷವಲ್ಲ. ಮಾಡಿಗೆ ಹೆಂಚು ಬದಲಾಯಿಸುವುದೂ ಸಾಮಾನ್ಯವಾದ್ದರಿಂದ ಆ ಅಂಕಿಯಿಂದ ಗೋಡೆಯ ವಯಸ್ಸನ್ನು ಹೇಳಲಾಗದು.

ಬರಹದಲ್ಲಿ ಸಿಗದ ಸಂಗತಿಗಳನ್ನು ಹಿರಿಯರ ಬಾಯಿಂದ ಕೇಳಬೇಕು. ತುಳು, ಕೊಂಕಣಿ, ಬ್ಯಾರಿ ಯಾವುದು ಅವರ ಮನೆಮಾತೋ ಅದರಲ್ಲೇ ಮಾತಾಡಿಸಿ ಧ್ವನಿಮುದ್ರಿಸಿಕೊಳ್ಳಿರಿ. ಪುಸ್ತಕದ ಕನ್ನಡಕ್ಕೆ ಬಂದ ಕೂಡಲೇ ಹಲವರು ಭಾಷಣದ ಧಾಟಿ ಹಿಡಿಯುತ್ತಾರೆ. ‘ನಮ್ಮ ಶಾಲೆ ಹೇಗಿತ್ತು’ ಎಂದು ಕೇಳುವ ಬದಲು ಸೇತುವೆ ಆಗುವ ಮೊದಲು ಹೊಳೆ ಹೇಗೆ ದಾಟುತ್ತಿದ್ದಿರಿ, ಮಧ್ಯಾಹ್ನ ಬುತ್ತಿಯಲ್ಲಿ ಏನಿರುತ್ತಿತ್ತು, ವಾರಾನ್ನಕ್ಕೆ ಯಾವ ಮನೆಗೆ ಯಾವ ದಿನ ಹೋಗುತ್ತಿದ್ದಿರಿ ಎಂದು ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಬ್ಬರು ಹೇಳಿದ ವರ್ಷವನ್ನು ರಿಜಿಸ್ಟರಿನೊಡನೆ ತಾಳೆ ನೋಡದೆ ಅಚ್ಚಿಗೆ ಕಳಿಸಬಾರದು. ನಿವೃತ್ತ ಗುಮಾಸ್ತರನ್ನೂ ಅಟೆಂಡರನ್ನೂ ತಪ್ಪದೆ ಕಾಣಿರಿ, ಯಾವ ಕಪಾಟಿನಲ್ಲಿ ಏನಿದೆ ಎಂಬುದನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಶಾಲೆಯ ಹೊರಗೆ, ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿ ಮದ್ರಾಸ್ ಕಾಲದ ಶಿಕ್ಷಣ ಇಲಾಖೆಯ ಕಡತಗಳನ್ನು ಹುಡುಕಬೇಕು. ಬಾಸೆಲ್ ಮಿಶನ್ ಶಾಲೆಗಳಿಗೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹ ಹತ್ತಿರದ ಆಸರೆ.

ನಕಲು ಮಾಡುವ ಕೆಲಸವನ್ನು ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿರಿ. ಜೂನ್ ಮಳೆ ಹಿಡಿದ ಮೇಲೆ ಕರಾವಳಿಯ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿ, ಬಿಡಿಸಲು ಹೋದರೆ ಶಾಯಿಯೇ ಎದ್ದುಬರುತ್ತದೆ. ಒದ್ದೆ ಪುಸ್ತಕವನ್ನು ಬಿಸಿಲಿಗಿಡದೆ ನೆರಳಿನಲ್ಲಿ ಗಾಳಿಗೆ ಹರಡಬೇಕು. ಗೆದ್ದಲು ತಾಗಿದ್ದನ್ನು ಉಳಿದವುಗಳಿಂದ ಬೇರೆಯಿಡಬೇಕು. ಪ್ರತಿ ಪುಟವನ್ನೂ ಹಗಲು ಬೆಳಕಿನಲ್ಲಿ ನೇರವಾಗಿ ಮೇಲಿನಿಂದ ಮೊಬೈಲಿನಲ್ಲಿ ಚಿತ್ರ ತೆಗೆದು, ಒಂದು ಪ್ರತಿಯನ್ನು ಶಾಲೆಯ ಕಚೇರಿಯಲ್ಲೂ ಇನ್ನೊಂದನ್ನು ಶಾಲೆಯಿಂದ ಹೊರಗೆ ಹಳೆವಿದ್ಯಾರ್ಥಿ ಸಂಘದಲ್ಲೂ ಇರಿಸಿ, ಮೂಲ ರಿಜಿಸ್ಟರನ್ನು ಅದೇ ದಿನ ಸಂಜೆ ಮುಖ್ಯೋಪಾಧ್ಯಾಯರ ಕೈಗೆ ಮರಳಿಸಿ ಸಹಿ ಪಡೆಯಿರಿ.